ಊಟಕ್ಕೆಂದು ಹೊಲಿದ ಕೋಟು

ಡಿನ್ನರ್ ಜಾಕೆಟ್ ಎಂಬ ಕೋಟಿಗೆ ಬೆನ್ನಲ್ಲಿ ಸೀಳು ಇಡುವುದಿಲ್ಲ. ಜೇಬಿನ ಮೇಲೆ ಮುಚ್ಚುಪಟ್ಟಿ ಇರುವುದಿಲ್ಲ. ಎದೆಯ ಮೇಲೆ ಮಡಚಿಕೊಳ್ಳುವ ಲ್ಯಾಪೆಲ್ಲಿಗೆ ಕಪ್ಪು ಸ್ಯಾಟಿನ್ ಕೂರಿಸಬೇಕು. ಮುಂದೆ ಒಂದೇ ಗುಂಡಿ, ಅದಕ್ಕೂ ಅದೇ ರೇಷ್ಮೆಯ ಹೊದಿಕೆ. ಪ್ಯಾಂಟಿನ ಹೊರಹೊಲಿಗೆಯ ಉದ್ದಕ್ಕೂ ಒಂದು ರೇಷ್ಮೆಪಟ್ಟಿ ಇಳಿಯುತ್ತದೆ, ಕೆಳಗೆ ಮಡಿಕೆ ಕೂಡದು. ಇನ್ನೂ ಹಳೆಯ, ಹಿಂದೆ ಬಾಲವಿದ್ದ ಕೋಟಿನ ಜೊತೆಯ ಪ್ಯಾಂಟಿಗಾದರೆ ಎರಡು ಪಟ್ಟಿ. ಕೋಟಿಗೆ ಸೀಳು ಬಂದದ್ದೇ ಕುದುರೆ ಹತ್ತುವವರಿಗಾಗಿ. ಮುಚ್ಚುಪಟ್ಟಿ ಬಂದದ್ದು ಬಯಲಲ್ಲಿ ಓಡಾಡುವವರ ಜೇಬಿಗೆ ಮಳೆ, ಧೂಳು ಬೀಳದಿರಲೆಂದು. ಇವೆರಡನ್ನೂ ತೆಗೆದುಹಾಕಿದ ಕೋಟು, ತೊಟ್ಟವನು ಈ ಹೊತ್ತು ಎಲ್ಲಿಗೂ ಹೋಗಬೇಕಿಲ್ಲ, ಕೈಯಲ್ಲಿ ಕೆಲಸವಿಲ್ಲ, ದೀಪದ ಬೆಳಕಿನಲ್ಲಿ ಕೂತು ಉಣ್ಣುವುದಷ್ಟೇ ಇದೆ ಎಂದು ಸಾರುತ್ತದೆ. ಬಟ್ಟೆ ಕತ್ತರಿಸುವವನಾಗಿ ನನಗೆ ಈ ಕೋಟಿನ ಚರಿತ್ರೆ ಮೊದಲು ಕಂಡದ್ದು ಅದರ ಹೊಲಿಗೆಯಲ್ಲಿ.

ನನ್ನ ಅಂಗಡಿ ಬಿ.ದುರ್ಗದಲ್ಲಿದೆ, ಹೊಳಲ್ಕೆರೆ ತಾಲ್ಲೂಕು. ನಾವು ನಾಮದೇವ ಸಿಂಪಿಗಳು. ಅಜ್ಜ ಹೊಲಿದರು, ಅಪ್ಪ ಹೊಲಿದರು, ನಾನೂ ಮದುವೆ ಗಂಡುಗಳಿಗೆ ಸೂಟು ಹೊಲಿಯುತ್ತಲೇ ತಲೆ ನರೆಸಿಕೊಂಡೆ. ರೆಡಿಮೇಡ್ ಬಟ್ಟೆಗೆ ಜನ ದಾವಣಗೆರೆಗೆ ಬಸ್ ಹತ್ತಿದ ಮೇಲೆ ಬಿಡುವು ಹೆಚ್ಚಾಯಿತು. ಆ ಬಿಡುವಿನಲ್ಲಿ, ಯಾವ ಉಡುಪು ಯಾಕೆ ಹಾಗಿದೆ ಎಂದು ಓದಿ ತಿಳಿಯುವ ಚಟ ಹತ್ತಿತು. ಹಾಗಾಗಿ ಚಿಕ್ಕಜಾಜೂರು ಕಡೆಯ ಅಡಿಕೆ ತೋಟದ ಗೌಡರೊಬ್ಬರು ಹೆಂಡತಿಯ ಜೊತೆ ಬಂದು ನನ್ನ ಕಟಿಂಗ್ ಟೇಬಲ್ಲಿನ ಮೇಲೆ ಒಂದು ಕಾಗದ ಇಟ್ಟಾಗ, ಅದು ನನಗೆ ಬರೀ ಗಿರಾಕಿಯ ಕೆಲಸವಾಗಿ ಕಾಣಲಿಲ್ಲ. ಇಂಗ್ಲೆಂಡಿನಲ್ಲಿರುವ ಮಗ ಅಪ್ಪ-ಅಮ್ಮನಿಗೆ ಹಡಗಿನ ಪ್ರವಾಸದ ಟಿಕೆಟ್ ತೆಗೆದಿದ್ದ. ಏಳು ರಾತ್ರಿ. ಅದರಲ್ಲಿ ಎರಡು ರಾತ್ರಿ ಫಾರ್ಮಲ್. ಉಳಿದವು ಸ್ಮಾರ್ಟ್ ಕ್ಯಾಶುಯಲ್. ದೊಡ್ಡ ಊಟದ ಹಾಲಿಗೆ ರಾತ್ರಿ ಚಡ್ಡಿ, ಈಜುಡುಪು, ತೋಳಿಲ್ಲದ ಬನಿಯನ್ನು, ಹವಾಯಿ ಚಪ್ಪಲಿ ನಡೆಯವು.

"ಮಾಸ್ತರೇ, ಉಣ್ಣಾಕೆ ಕೂರೋದಕ್ಕೂ ಬಟ್ಟೆ ನೋಡಿ ಒಳಗೆ ಬಿಡ್ತಾರಂತಲ್ಲ, ಇದೆಲ್ಲಿಯ ಕಟ್ಟಳೆ?" ಎಂದರು ಗೌಡರು.

"ಕಟ್ಟಳೆ ಹಡಗಿಂದು ಅಂತ ಅನ್ಕೋಬೇಡಿ ಗೌಡ್ರೇ. ಅದು ನಮ್ಮ ಮನೇಲೂ ಇತ್ತು" ಎಂದೆ. ಅವರು ಕೂತರು. ಅಮ್ಮನವರೂ ಸ್ಟೂಲು ಎಳೆದುಕೊಂಡರು. ಆವತ್ತು ಅವರಿಗೆ ಹೇಳಿದ್ದನ್ನೇ ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತಿದ್ದೇನೆ.

ರಾತ್ರಿಯೂಟಕ್ಕೆ ಬಟ್ಟೆ ಬದಲಿಸುವ ರೂಢಿ ಇಂಗ್ಲೆಂಡಿನ ಜಮೀನುದಾರರ ದೊಡ್ಡ ಮನೆಗಳಲ್ಲಿ ಬೆಳೆಯಿತು. ಹಗಲೆಲ್ಲ ಬೇಟೆ, ಕುದುರೆ ಸವಾರಿ. ಸಂಜೆ ಕೆಸರು ತೊಳೆದು, ಕಪ್ಪು ಕೋಟು ಬಿಳಿ ಅಂಗಿ ತೊಟ್ಟು ಮೇಜಿಗೆ ಬರಬೇಕು. ಬಾಲದ ಕೋಟಿನ ಬದಲು ಮೋಟು ಕೋಟು ಬಂದದ್ದು ಆಮೇಲೆ. 1865ರಲ್ಲಿ ವೇಲ್ಸ್ ರಾಜಕುಮಾರನಿಗೆ, ಸ್ಯಾಂಡ್ರಿಂಗ್‌ಹ್ಯಾಮ್ ಮನೆಯ ಸಲೀಸಾದ ಸಂಜೆಯೂಟಕ್ಕೆಂದು ತಾವು ಅದನ್ನು ಹೊಲಿದುಕೊಟ್ಟೆವೆಂದು ಲಂಡನ್ನಿನ ಸ್ಯಾವಿಲ್ ರೋ ಬೀದಿಯ ಹೆನ್ರಿ ಪೂಲ್ ಅಂಗಡಿಯವರು ಈಗಲೂ ಹೇಳುತ್ತಾರೆ. ಅಮೆರಿಕದವರು ನ್ಯೂಯಾರ್ಕಿನ ಹತ್ತಿರದ ಟಕ್ಸೀಡೋ ಪಾರ್ಕಿನಲ್ಲಿ 1886ರ ಸುಮಾರಿಗೆ ಅದನ್ನು ತೊಟ್ಟು ತಮ್ಮ ಊರಿನ ಹೆಸರಿಟ್ಟರು. ರಾಜಮನೆತನದವರು ಆರಾಮಿಗೆಂದು ಮಾಡಿಸಿಕೊಂಡ ಬಟ್ಟೆಯೇ ಒಂದೆರಡು ತಲೆಮಾರಿನಲ್ಲಿ ಉಳಿದವರಿಗೆ ಕಡ್ಡಾಯವಾಯಿತು.

ಹಡಗಿಗೆ ಈ ರೂಢಿ ಹತ್ತಿದ್ದು ಟಪಾಲಿನ ದಾರಿಯಿಂದ. ಪಿ ಅಂಡ್ ಓ ಕಂಪನಿ 1837ರಲ್ಲಿ ಸ್ಪೇನ್, ಪೋರ್ಚುಗಲ್ಲಿನ ಕಡೆ ಟಪಾಲು ಸಾಗಿಸುವ ಗುತ್ತಿಗೆ ಹಿಡಿಯಿತು. 1842ರಲ್ಲಿ ಅದರ ಹಿಂದೋಸ್ತಾನ್ ಎಂಬ ಹಡಗು ಇಂಗ್ಲೆಂಡಿನಿಂದ ಕಲ್ಕತ್ತೆಗೆ ಹೊರಟಿತು. ಆಗ ಸೂಯೆಜ್ ಕಾಲುವೆ ಇರಲಿಲ್ಲ. ಪ್ರಯಾಣಿಕರು ಅಲೆಗ್ಸಾಂಡ್ರಿಯಾದಲ್ಲಿ ಇಳಿದು, ಈಜಿಪ್ಟನ್ನು ನೆಲದ ಮೇಲೆ ದಾಟಿ, ಸೂಯೆಜ್‌ನಲ್ಲಿ ಬೇರೆ ಹಡಗು ಹತ್ತಬೇಕಿತ್ತು. 1869ರ ನವೆಂಬರಿನಲ್ಲಿ ಕಾಲುವೆ ತೆರೆದ ಮೇಲೆ ಹತ್ತಿದ ಹಡಗಿನಲ್ಲೇ ಬೊಂಬಾಯಿಗೆ ಬಂದು ಇಳಿಯುವಂತಾಯಿತು. ಕಲೆಕ್ಟರುಗಳು, ಮಿಲಿಟರಿ ಅಧಿಕಾರಿಗಳು, ಪ್ಲಾಂಟರುಗಳು, ಅವರ ಹೆಂಡಿರು, ಮದುವೆಗೆ ಬಂದ ಹೆಣ್ಣುಮಕ್ಕಳು ವಾರಗಟ್ಟಲೆ ಒಂದೇ ಮೇಜಿನ ಸುತ್ತ ಉಣ್ಣತೊಡಗಿದರು. ನೆಲದ ಮೇಲಾದರೆ ಯಾರು ದೊಡ್ಡವರು ಎಂದು ಬಂಗಲೆ, ಆಳುಕಾಳು ಹೇಳುತ್ತಿದ್ದವು. ನೀರಿನ ಮೇಲೆ ಎಲ್ಲರದೂ ಇಕ್ಕಟ್ಟಿನ ಕ್ಯಾಬಿನ್ನೇ. ಅಂತಸ್ತು ತೋರಿಸಲು ಉಳಿದದ್ದು ಬಟ್ಟೆ ಮತ್ತು ಕ್ಯಾಪ್ಟನ್ನನ ಮೇಜಿಗೆ ಬರುವ ಕರೆ. ಮೊದಲ ದರ್ಜೆಯ ಸಲೂನಿನಲ್ಲಿ ಸಂಜೆಯುಡುಪು ಗಟ್ಟಿಯಾದದ್ದಕ್ಕೆ ಇದೇ ಕಾರಣ ಎಂಬುದು ನನ್ನ ನಂಬಿಕೆ.

ಆ ಕಟ್ಟಳೆಯೊಳಗೆ ಪೆಟ್ಟಿಗೆಯ ಲೆಕ್ಕವೂ ಇತ್ತು. ಪ್ರಯಾಣಿಕರ ಟ್ರಂಕುಗಳಿಗೆ ಚೀಟಿ ಅಂಟಿಸುತ್ತಿದ್ದರು: ಕ್ಯಾಬಿನ್ನಿಗೆ ಬೇಕಾದ್ದು, ದಾರಿಯಲ್ಲಿ ಬೇಕಾಗುವುದು, ದಾರಿಯಲ್ಲಿ ಬೇಡದ್ದು. ಹೊರಟ ಮೊದಲ ರಾತ್ರಿ ಟ್ರಂಕು ಬಿಚ್ಚಿರುವುದಿಲ್ಲ, ಕೊನೆಯ ರಾತ್ರಿ ಕಟ್ಟಿ ಆಗಿರುತ್ತದೆ. ಆ ಎರಡು ರಾತ್ರಿ ಯಾರೂ ಸಂಜೆಯುಡುಪು ತೊಡುತ್ತಿರಲಿಲ್ಲ. ಹಡಗಿನ ಪ್ರವಾಸಗಳಲ್ಲಿ ಮೊದಲ ಮತ್ತು ಕೊನೆಯ ರಾತ್ರಿ ಸಲೀಸಾಗಿರುವ ಪದ್ಧತಿಯ ಬೇರು ಇದೇ. ಗೌಡರ ಕಾಗದದಲ್ಲೂ ಹಾಗೇ ಇತ್ತು: ಮೊದಲ ದಿನ ಸಲೀಸು, ಕೊನೆಯ ದಿನ ಸಲೀಸು. ಕೆಂಪು ಸಮುದ್ರದ ಸೆಖೆಯೂ ಕಟ್ಟಳೆಯನ್ನು ಬಗ್ಗಿಸಿತು. ಆ ಬೇಗೆಯಲ್ಲಿ ಉಣ್ಣೆಯ ಕೋಟು ತೊಟ್ಟು ಸೂಪು ಕುಡಿಯಲಾಗದೆ ಗಂಡಸರು ಕೋಟು ಕಳಚಿ, ಬಿಳಿ ಅಂಗಿ, ಕಪ್ಪು ಪ್ಯಾಂಟು, ಸೊಂಟಕ್ಕೆ ಅಗಲ ರೇಷ್ಮೆಪಟ್ಟಿ ಸುತ್ತಿಕೊಂಡು ಮೇಜಿಗೆ ಬಂದರು. ಅದಕ್ಕೆ ಕೆಂಪು ಸಮುದ್ರದ ಹೆಸರೇ ಬಿತ್ತು, ರಾಯಭಾರಿಗಳ ಔತಣಗಳಲ್ಲಿ ಇಂದಿಗೂ ನಡೆಯುತ್ತದೆ. ಸೊಂಟದ ಆ ಪಟ್ಟಿ ನಮ್ಮ ದೇಶದ್ದೇ, ಕಮರಬಂದು. ಬಿಸಿಲಿಗೂ ಉಡುಪಿನ ತಯಾರಿಯಿತ್ತು: ಕಾಲುವೆಯ ಬಾಯಲ್ಲಿನ ಪೋರ್ಟ್ ಸೈದಿನಲ್ಲಿ ಸೈಮನ್ ಆರ್ಟ್ಸ್ ಎಂಬ ದೊಡ್ಡ ಅಂಗಡಿಯಿತ್ತು. ಪೂರ್ವಕ್ಕೆ ಹೊರಟವರು ಬಿಸಿಲಿನ ಟೊಪ್ಪಿಗೆಯನ್ನು ಅಲ್ಲಿಯೇ ಕೊಳ್ಳುತ್ತಿದ್ದರು.

ಇಷ್ಟೆಲ್ಲ ಸಿಂಗಾರದ ಮೇಜಿಗೆ ಬಡಿಸುತ್ತಿದ್ದವರು ಯಾರು? ಗೋವೆಯವರು. ಪಿ ಅಂಡ್ ಓ ಹಡಗುಗಳ ಊಟದ ಸಲೂನು, ಅಡುಗೆಮನೆ ನಡೆದದ್ದು ಗೋವೆಯ ಸ್ಟೀವರ್ಡುಗಳಿಂದ. ಡೆಕ್ಕಿನ ಮೇಲೆ ಹಗ್ಗ ಎಳೆದವರು, ಒಲೆಗೆ ಕಲ್ಲಿದ್ದಲು ಸುರಿದವರು ಲಸ್ಕರರೆಂಬ ಖಲಾಸಿಗಳು. ಅವರಿಗೂ ಉಡುಪು ನಿಗದಿಯಾಗಿತ್ತು: ನೀಲಿ ನಿಲುವಂಗಿ, ಸೊಂಟಕ್ಕೆ ಕೆಂಪು ವಸ್ತ್ರ. ಅದನ್ನು ತೊಟ್ಟು ಡೆಕ್ಕಿನ ಮೇಲೆ ದುಡಿಯಬಹುದು, ಆ ಮೇಜಿಗೆ ಕೂರುವಂತಿರಲಿಲ್ಲ. ಹಡಗಿನ ಉಡುಪಿನ ಬಗ್ಗೆ ಬರೆದವರು ಮೊದಲ ದರ್ಜೆಯ ಸ್ಯಾಟಿನ್ನನ್ನು ಬಣ್ಣಿಸಿದಷ್ಟು ಈ ಕೆಂಪು ವಸ್ತ್ರವನ್ನು ಬಣ್ಣಿಸಿಲ್ಲ. ನನಗೆ ಎರಡೂ ಒಂದೇ ಕಟ್ಟಳೆಯ ಎರಡು ತುದಿಗಳಾಗಿ ಕಾಣುತ್ತವೆ.

ನಮ್ಮವರು ಆ ಮೇಜಿಗೆ ಗಿರಾಕಿಗಳಾಗಿ ಬಂದಾಗ ಆದ ಕಷ್ಟವನ್ನು ಗಾಂಧೀಜಿ ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. 1888ರ ಸೆಪ್ಟೆಂಬರ್ 4ರಂದು ಅವರು ಬೊಂಬಾಯಿ ಬಿಟ್ಟರು. ಕಡಲು ದಾಟುತ್ತಾನೆಂದು ಜಾತಿಯವರು ಹೊರಗೆ ಹಾಕಿಯೇ ಕಳಿಸಿದ್ದರು. ಹೊಸದಾಗಿ ಹೊಲಿಸಿದ ಮೋಟು ಕೋಟು ಅವರಿಗೆ ಮೈ ಮುಚ್ಚದ ಬಟ್ಟೆಯಾಗಿ ಕಂಡಿತ್ತು, ಟೈ ಎಂದರೆ ಹೇಸಿಗೆಯಾಗಿತ್ತು. ಹಡಗಿನಲ್ಲಿ ಚಾಕು-ಫೋರ್ಕು ಹಿಡಿಯಲು ಬಾರದು, ಯಾವ ಪದಾರ್ಥದಲ್ಲಿ ಮಾಂಸವಿಲ್ಲ ಎಂದು ಕೇಳಲು ನಾಚಿಕೆ. ಮನೆಯಿಂದ ತಂದ ಸಿಹಿತಿಂಡಿ, ಹಣ್ಣು ತಿಂದುಕೊಂಡು ಕ್ಯಾಬಿನ್ನಿನಲ್ಲೇ ಉಳಿದರು. ದಾರಿಯುದ್ದಕ್ಕೂ ಕಪ್ಪು ಸೂಟು ತೊಟ್ಟು, ಬಿಳಿ ಫ್ಲಾನೆಲ್ ಸೂಟನ್ನು ಇಳಿಯುವ ದಿನಕ್ಕೆಂದು ಜೋಪಾನವಾಗಿ ಇಟ್ಟುಕೊಂಡಿದ್ದರು. ಇಳಿದು ನೋಡಿದರೆ ಸೆಪ್ಟೆಂಬರಿನ ಕೊನೆ, ಬಿಳಿ ತೊಟ್ಟವರು ಅವರೊಬ್ಬರೇ. ಹತ್ತೊಂಬತ್ತೂ ತುಂಬದ ಹುಡುಗನಿಗೆ ಎಷ್ಟು ಇರುಸುಮುರುಸಾಗಿರಬೇಕು! ಐದು ವರ್ಷದ ನಂತರ, 1893ರ ಮೇ 31ರಂದು, ಪೆನಿನ್ಸುಲರ್ ಎಂಬ ಹಡಗಿನಲ್ಲಿ ಹೊರಟ ವಿವೇಕಾನಂದರ ದಾರಿ ಬೇರೆ. ಖೇತ್ರಿಯ ರಾಜ ಅವರಿಗೆ ಮೊದಲ ದರ್ಜೆಯ ಟಿಕೆಟ್ಟಿನ ಜೊತೆ ರೇಷ್ಮೆಯ ನಿಲುವಂಗಿ, ರುಮಾಲು ಮಾಡಿಸಿಕೊಟ್ಟಿದ್ದ. ಒಬ್ಬರು ಆ ಮೇಜಿನ ಬಟ್ಟೆ ತೊಟ್ಟೂ ಕ್ಯಾಬಿನ್ನಿನಲ್ಲಿ ಉಳಿದರು. ಇನ್ನೊಬ್ಬರು ತಮ್ಮ ಬಟ್ಟೆಯಲ್ಲೇ ಹೊರಗೆ ಬಂದರು. ನಮ್ಮ ಗೌಡರ ಮುಂದಿದ್ದ ದಾರಿಗಳೂ ಇವೇ.

ಚಿತ್ರದುರ್ಗದ ಕಡೆಯಿಂದ ಅಂದು ಕಡಲಾಚೆಯ ಸೀಮೆಗೆ ಹೋಗಬೇಕಾದರೆ ಕಡಲಿನ ಬಾಗಿಲು ನಮ್ಮ ಮಗ್ಗುಲಿನ ಚಿಕ್ಕಜಾಜೂರು ಜಂಕ್ಷನ್. ಅಲ್ಲಿ ಮೀಟರ್ ಗೇಜ್ ರೈಲು ಹತ್ತಿ ಹುಬ್ಬಳ್ಳಿ, ಪುಣೆ, ಅಲ್ಲಿಂದ ಬೊಂಬಾಯಿ. ರೈಲಿನಲ್ಲೇ ಮೊದಲ ಪರೀಕ್ಷೆ ಶುರುವಾಗುತ್ತಿತ್ತು: ಯಾರ ಕೈಯ ನೀರು, ಯಾರು ಮುಟ್ಟಿದ ಅನ್ನ. ಕಡಲು ದಾಟಿದರೆ ಜಾತಿ ಕೆಡುತ್ತದೆ ಎಂಬ ಮಾತಿನ ಒಳಗಿದ್ದದ್ದು ಉಪ್ಪುನೀರಿನ ಭಯವಲ್ಲ, ಪಂಕ್ತಿಯ ಭಯ. ಹಿಂದಿರುಗಿದವರಿಗೆ ಪ್ರಾಯಶ್ಚಿತ್ತ ಮಾಡಿಸುತ್ತಿದ್ದದ್ದು ಮತ್ತೆ ಪಂಕ್ತಿಯಲ್ಲಿ ಕೂರಿಸಿಕೊಳ್ಳುವುದಕ್ಕೇ. ಹೀಗಿರುವಾಗ, ಬಿಳಿಯರ ಮೇಜಿನ ಕಟ್ಟಳೆ ಕಂಡು ನಮಗೆ ಅಚ್ಚರಿಯಾಗಲು ಏನಿದೆ?

ಮನೆಯ ಮಾತಿಗೇ ಬರುತ್ತೇನೆ. ಮಡಿಯುಟ್ಟು ಉಣ್ಣುವ ಮನೆಗಳಲ್ಲಿ ಹೊಲಿದ ಬಟ್ಟೆಯೇ ಮೈಲಿಗೆ. ಅಂಗಿ ತೆಗೆದು, ಒಣಗಿಸಿಟ್ಟ ಪಂಚೆಯುಟ್ಟು, ಬರಿಮೈಯಲ್ಲಿ ಎಲೆಯ ಮುಂದೆ ಕೂರಬೇಕು. ದರ್ಜಿಯ ಸೂಜಿ ತಾಗಿದ್ದನ್ನು ಬಾಗಿಲ ಹೊರಗೆ ಬಿಟ್ಟು ಉಣ್ಣುವ ಪದ್ಧತಿಯನ್ನು ದರ್ಜಿಯ ಮಗನಾಗಿ ನಾನು ಬಲ್ಲೆ. ಇನ್ನೊಂದು ಕಟ್ಟಳೆ ಇದಕ್ಕಿಂತ ಕಟುವಾದದ್ದು. ಹೆಗಲ ಮೇಲಿನ ಶಲ್ಯ ಯಾರ ಹೆಗಲ ಮೇಲಿರಬೇಕು, ಯಾರು ಅದನ್ನು ಇಳಿಸಿ ಸೊಂಟಕ್ಕೆ ಕಟ್ಟಿಕೊಂಡು ನಿಲ್ಲಬೇಕು ಎಂಬುದು. ಅಪ್ಪ ಹೇಳುತ್ತಿದ್ದರು: ಮದುವೆ ಮನೆಯಲ್ಲಿ ಊರ ದೊಡ್ಡವರ ಪಂಕ್ತಿ ಏಳುವವರೆಗೆ ಕೇರಿಯ ಜನ ಶಲ್ಯ ಸೊಂಟಕ್ಕೆ ಬಿಗಿದು ಚಪ್ಪರದ ಹೊರಗೆ ಕಾಯುತ್ತಿದ್ದರು. ಅಷ್ಟೇ ಅಗಲ, ಅಷ್ಟೇ ಉದ್ದದ ವಸ್ತ್ರ, ಮಗ್ಗದಿಂದ ಇಳಿದಾಗ ಅದಕ್ಕೆ ಯಾವ ಮೇಲುಕೀಳೂ ಇರಲಿಲ್ಲ. ಹೆಗಲಿನಿಂದ ಸೊಂಟಕ್ಕೆ ಇಳಿಯುವ ಒಂದೂವರೆ ಮೊಳದಲ್ಲಿ ಒಬ್ಬ ಮನುಷ್ಯನ ಮಾನವೇ ಇಳಿದುಹೋಗುತ್ತಿತ್ತು. ಇದನ್ನು ಬರೆಯುವಾಗ ಈಗಲೂ ನನಗೆ ಸಿಟ್ಟು ಬರುತ್ತದೆ.

ಆ ಕಟ್ಟು ನಮ್ಮ ಕಡೆ ಸಡಿಲವಾದದ್ದಕ್ಕೆ ಹಲವರ ದುಡಿಮೆ ಇದೆ. ಹತ್ತಿರದ ಸಿರಿಗೆರೆಯ ತರಳಬಾಳು ಮಠದ ಶಿವಕುಮಾರ ಶಿವಾಚಾರ್ಯ ಸ್ವಾಮಿಗಳನ್ನು ನೆನೆಯದೆ ಮುಂದೆ ಹೋಗಲಾರೆ. 1940ರಿಂದ 1979ರವರೆಗೆ ಪೀಠದಲ್ಲಿದ್ದ ಅವರು 1950ರಲ್ಲಿ ಜಗಳೂರಿನಲ್ಲಿ ತರಳಬಾಳು ಹುಣ್ಣಿಮೆ ಮಹೋತ್ಸವ ಆರಂಭಿಸಿದರು. ಊರೂರಿನ, ನಾನಾ ಜಾತಿಯ ಜನ ಒಂದು ಚಪ್ಪರದಡಿ ಕೂತು ಪ್ರಸಾದ ಉಣ್ಣುವುದು ಅದರ ದೊಡ್ಡ ಭಾಗ. ಪ್ರತಿ ಸೆಪ್ಟೆಂಬರಿನಲ್ಲಿ ಅವರ ಶ್ರದ್ಧಾಂಜಲಿಯ ಹೊತ್ತಿಗೆ ಸಿರಿಗೆರೆಯಲ್ಲಿ ಸಾಲುಸಾಲಾಗಿ ಜನ ಉಣ್ಣುವುದನ್ನು ನೋಡಿದವನು ನಾನು. ಶಲ್ಯ ಯಾರ ಹೆಗಲ ಮೇಲಿದೆ ಎಂದು ಅಲ್ಲಿ ಯಾರೂ ನೋಡುವುದಿಲ್ಲ. ನನ್ನ ಪಕ್ಕ ಒಮ್ಮೆ ಕೂತಿದ್ದವರು ಗದ್ದೆಯಿಂದ ನೇರ ಬಂದಂತಿದ್ದರು, ಎದುರಿಗಿದ್ದವರ ಮೈಮೇಲೆ ಇಸ್ತ್ರಿ ಮುರಿಯದ ಸಫಾರಿ. ಅದೇ ಪಾಯಸ ಇಬ್ಬರಿಗೂ.

ಅಜ್ಜನ ಕಾಲದ ಕೋಟಿನ ಕತೆ ಬೇರೆ. ಆಗ ನಾವು ಮೈಸೂರು ಸಂಸ್ಥಾನದ ಪ್ರಜೆಗಳು. 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ರಾಜ್ಯ ಹಿಂದಿರುಗಿತು. ಅದೇ ವರ್ಷ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದರು, ಜಿಲ್ಲೆಜಿಲ್ಲೆಯಿಂದ 144 ಮಂದಿ. ಮುಂದೆ ವರ್ಷವರ್ಷವೂ ದಸರೆಯ ಹೊತ್ತಿಗೆ ಸಭೆ. ದಸರಾ ದರ್ಬಾರಿಗೆ ಹೋಗುವವರ ಉಡುಪು ಗೊತ್ತಿದ್ದದ್ದೇ: ಕಪ್ಪು ಅಲ್ಪಾಕದ ಲಾಂಗ್ ಕೋಟು, ಬಿಳಿ ಪಂಚೆ ಇಲ್ಲವೇ ಷರಾಯಿ, ತಲೆಗೆ ಜರಿಪೇಟ, ಹೆಗಲಿಗೆ ಜರಿಯಂಚಿನ ವಲ್ಲಿ. ಅಮಲ್ದಾರರು, ಶೇಕದಾರರು, ದೊಡ್ಡ ಪಟೇಲರು ಇಂಥ ಕೋಟು ಹೊಲಿಸಿಕೊಳ್ಳುತ್ತಿದ್ದ ಕಾಲದಲ್ಲಿ ಅಜ್ಜ ಕೆಲಸ ಕಲಿತರು. ಅವರು ಕಾಗದದಲ್ಲಿ ಕತ್ತರಿಸಿಟ್ಟಿದ್ದ ಒಂದು ಕ್ಲೋಸ್ ಕೋಟಿನ ಮಾದರಿ ನಮ್ಮ ಮನೆಯ ಅಟ್ಟದಲ್ಲಿತ್ತು. ಕಾಗದ ಹಳದಿಯಾಗಿ, ಮಡಿಕೆಗಳಲ್ಲಿ ಹರಿದಿದ್ದರೂ ಕುತ್ತಿಗೆಯ ಪಟ್ಟಿಯ ತಿರುವು ಮಾತ್ರ ಸ್ಪಷ್ಟ. ಆ ತಿರುವು ಎರಡು ನೂಲು ತಪ್ಪಿದರೂ ಕೊರಳು ಬಿಗಿಯುತ್ತದೆ, ಇಲ್ಲವೇ ಬಾಯಿಬಿಡುತ್ತದೆ. ಹೆಗಲಿಗೆ ಹತ್ತಿ ತುಂಬುತ್ತಿರಲಿಲ್ಲ, ಬುಕ್ರಂ ಒಂದೇ. ಮಂಡಿ ಮುಟ್ಟುವ ಉದ್ದ, ಕೂತಾಗ ಪಂಚೆಯ ನೆರಿಗೆ ಹೊರಚಾಚದಂತೆ ಮುಂಭಾಗ ಒಂದಿಷ್ಟು ಸುತ್ತು ಹೆಚ್ಚು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವವನಿಗೆಂದು ಲೆಕ್ಕ ಹಾಕಿದ ಕೋಟು ಅದು. ಡಿನ್ನರ್ ಜಾಕೆಟ್ಟಿನಲ್ಲಿ ಹಾಗೆ ಕೂತರೆ ಗುಂಡಿ ಕಿತ್ತುಬರುತ್ತದೆ.

ಅದೇ ಸಂಸ್ಥಾನದ ಬೆಂಗಳೂರಿನಲ್ಲಿ, ದಂಡು ಪ್ರದೇಶದ ಬಿಳಿಯರ ಕ್ಲಬ್ಬಿನ ಬಾಗಿಲಲ್ಲಿ ಈ ಉಡುಪಿಗೆ ಬೆಲೆಯಿರಲಿಲ್ಲ. ದಿವಾನ್ ವಿಶ್ವೇಶ್ವರಯ್ಯನವರನ್ನು ಪೇಟ ತೊಟ್ಟ ಕಾರಣಕ್ಕೆ ಅಲ್ಲಿ ಒಳಗೆ ಬಿಡಲಿಲ್ಲ, ಅದರಿಂದಲೇ ಸೆಂಚುರಿ ಕ್ಲಬ್ ಹುಟ್ಟಿತು ಎಂಬ ಕತೆ ಬೆಂಗಳೂರಿನಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಕಬ್ಬನ್ ಪಾರ್ಕಿನ ಮಗ್ಗುಲಲ್ಲಿ 1917ರಲ್ಲಿ ಅವರು ಆ ಕ್ಲಬ್ಬನ್ನು ಸ್ಥಾಪಿಸಿದ್ದಂತೂ ನಿಜ, ಮೈಸೂರಿನ ಜನ ತಮ್ಮ ಉಡುಪಿನಲ್ಲೇ ಬಂದು ಕೂರುವ ಜಾಗ ಆದದ್ದೂ ನಿಜ. ಅವರ ಫೋಟೋವನ್ನು ದರ್ಜಿಯ ಕಣ್ಣಿನಿಂದ ನೋಡಿ. ಕುತ್ತಿಗೆಗೆ ಗಂಜಿ ಹಾಕಿದ ಕಾಲರು, ಟೈ, ಒಂದು ಸುಕ್ಕಿಲ್ಲದ ಸೂಟು. ಅದರ ಮೇಲೆ ಮೈಸೂರು ಪೇಟ. 1898ರಲ್ಲೇ ಜಪಾನಿಗೆ ಹೋಗಿಬಂದ, ಆಮೇಲೂ ಹಲವು ಸಲ ಹಡಗು ಹತ್ತಿದ ಮನುಷ್ಯ. ಕೋಟು ತೊಡಲು ಅವರಿಗೆ ಹಿಂಜರಿಕೆ ಇರಲಿಲ್ಲ, ಪೇಟ ತೆಗೆಯಲು ಮನಸ್ಸಿರಲಿಲ್ಲ. ಪರದೇಶದ ಮೇಜಿಗೆ ಹೇಗೆ ಹೋಗಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಕಂಡಿಲ್ಲ.

1931ಕ್ಕೆ ಬಂದರೆ, ಬಿಳಿ ಫ್ಲಾನೆಲ್ಲಿನ ಹುಡುಗ ಮತ್ತೆ ಹಡಗಿನಲ್ಲಿ ಸಿಗುತ್ತಾನೆ. ಆಗಸ್ಟ್ 29ರಂದು ರಜಪೂತಾನಾ ಎಂಬ ಹಡಗಿನಲ್ಲಿ ಗಾಂಧೀಜಿ ಎರಡನೇ ದರ್ಜೆಯಲ್ಲಿ ಹೊರಟರು. ತುಂಡುಪಂಚೆ, ಶಾಲು, ಚಪ್ಪಲಿ. ದುಂಡುಮೇಜಿನ ಪರಿಷತ್ತಿಗೆ ಬಂದವರಿಗೆ ನವೆಂಬರಿನಲ್ಲಿ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಚಹಾ ಕೂಟವಾದಾಗಲೂ ಅದೇ ಉಡುಪು. ಆ ಪರಿಷತ್ತಿನಲ್ಲಿ ನಮ್ಮ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೂ ಪ್ರತಿನಿಧಿಯಾಗಿದ್ದರು. ಅರಮನೆಗೆ ತುಂಡುಪಂಚೆ ನಡೆಯಿತು ಎಂದಾದ ಮೇಲೆ ಯಾವ ಕ್ಲಬ್ಬಿನ ಬಾಗಿಲಲ್ಲೂ ಅದನ್ನು ತಡೆಯಬಾರದಿತ್ತು. ಆದರೆ ತಡೆ ನಿಲ್ಲಲಿಲ್ಲ. 2014ರ ಜುಲೈನಲ್ಲಿ ಚೆನ್ನೈನ ಕ್ರಿಕೆಟ್ ಕ್ಲಬ್ಬೊಂದರಲ್ಲಿ ಪುಸ್ತಕ ಬಿಡುಗಡೆಗೆ ಬಂದ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿಯನ್ನೇ ಪಂಚೆಯುಟ್ಟಿದ್ದಕ್ಕೆ ತಡೆದರು. ಮರುತಿಂಗಳೇ ತಮಿಳುನಾಡು ಸರ್ಕಾರ ಕಾನೂನು ತಂದಿತು: ಪಂಚೆಯುಟ್ಟವರನ್ನು ತಡೆದರೆ ಒಂದು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಹತ್ತು ವರ್ಷದ ನಂತರ, 2024ರ ಜುಲೈನಲ್ಲಿ, ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್ ಒಂದರಲ್ಲಿ ಹಾವೇರಿ ಕಡೆಯ ರೈತರೊಬ್ಬರನ್ನು ಮಗನೊಂದಿಗೆ ಸಿನಿಮಾ ನೋಡಲು ಬಂದಾಗ ಪಂಚೆಯ ಕಾರಣಕ್ಕೆ ಹೊರಗೆ ನಿಲ್ಲಿಸಿದರು. ಜನ ಸಿಟ್ಟಿಗೆದ್ದರು, ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ವಿಧಾನಸಭೆಯಲ್ಲಿ ಹೇಳಿತು. ಹಾವೇರಿ ನಮಗೆ ದೂರವಲ್ಲ. ಆ ರೈತರು ಉಟ್ಟಿದ್ದಂಥ ಬಿಳಿ ಪಂಚೆ, ಬಿಳಿ ಅಂಗಿ ನನ್ನ ಅಂಗಡಿಗೆ ಬರುವ ಅರ್ಧ ಜನರ ಮೈಮೇಲಿದೆ.

ಗೌಡರ ಕಾಗದಕ್ಕೂ ಮಾಲಿನ ಆ ಬಾಗಿಲಿಗೂ ವ್ಯತ್ಯಾಸ ಇದೆಯೇ ಎಂದು ಅಮ್ಮನವರು ಕೇಳಿದರು. ಇದೆ. ಹಡಗಿನ ಫಾರ್ಮಲ್ ರಾತ್ರಿ ಬಂದವರನ್ನೆಲ್ಲ ಅವರವರ ಒಳ್ಳೆಯ ಬಟ್ಟೆ ತೊಟ್ಟು ಬನ್ನಿ ಎಂದು ಕೇಳುತ್ತದೆ. ಹಬ್ಬಕ್ಕೆ ನಾವೂ ಕೇಳುವುದು ಅದನ್ನೇ. ಅದರಲ್ಲಿ ಅವಮಾನವಿಲ್ಲ. ನಿನ್ನ ಒಳ್ಳೆಯ ಬಟ್ಟೆ ಬಟ್ಟೆಯೇ ಅಲ್ಲ ಎಂದಾಗ ಅವಮಾನ. ಮೊದಲ ದರ್ಜೆಯ ಹಳೆಯ ಸಲೂನು ಹೇಳುತ್ತಿದ್ದದ್ದು ಹೆಚ್ಚೂಕಮ್ಮಿ ಎರಡನೆಯದನ್ನು. ಈಗಿನ ಹಡಗುಗಳಲ್ಲಿ ಎಷ್ಟೋ ಕಂಪನಿಗಳು ಮೊದಲನೆಯದಕ್ಕೆ ಬಂದಿವೆ.

ಅದು ಹೇಗಾಯಿತೆಂದರೆ, ವಿಮಾನ ಬಂತು. ಜೆಟ್ ವಿಮಾನ ಗಂಟೆಗಳಲ್ಲಿ ಲಂಡನ್ ತಲುಪಿಸತೊಡಗಿದ ಮೇಲೆ ಊರು ಸೇರಲು ಹಡಗು ಹತ್ತುವವರು ಉಳಿಯಲಿಲ್ಲ. ಕಂಪನಿಗಳು ಹಡಗನ್ನೇ ಪ್ರವಾಸ ಮಾಡಿದವು. ರಜೆಗೆ ಬಂದವನಿಗೆ ಪ್ರತಿ ರಾತ್ರಿ ಕಪ್ಪು ಟೈ ಕಟ್ಟಲು ಹೇಳಲಾದೀತೇ? ದಿನಕ್ಕೊಂದು ಇದ್ದದ್ದು ವಾರಕ್ಕೆರಡಾಯಿತು. 2000ದ ಹೊತ್ತಿಗೆ ನಾರ್ವೀಜಿಯನ್ ಎಂಬ ಹಡಗು ಕಂಪನಿ, ಬೇಕಾದಾಗ ಬೇಕಾದ ಬಟ್ಟೆಯಲ್ಲಿ ಉಣ್ಣಿ ಎಂಬ ಪದ್ಧತಿ ತಂದಿತು. ಕ್ಯೂನಾರ್ಡ್ ಮಾತ್ರ ಹಳೆಯ ದಾರಿಯನ್ನು ಉಳಿಸಿಕೊಂಡಿದೆ. ಅದರ ಕ್ವೀನ್ ಮೇರಿ 2 ಮುಂತಾದ ಹಡಗುಗಳಲ್ಲಿ ಸಂಜೆ ಆರರ ಮೇಲೆ ಉಡುಪಿನ ಕ್ರಮ ಇದೆ, ಗಾಲಾ ರಾತ್ರಿಗಳಿವೆ. ಅಂಥ ಕಂಪನಿಯ ಕಟ್ಟಳೆಯಲ್ಲೂ ಡಿನ್ನರ್ ಜಾಕೆಟ್ಟಿನ ಸಾಲಿನಲ್ಲೇ ಅವರವರ ದೇಶದ ಸಮಾರಂಭದ ಉಡುಪಿಗೆ ಜಾಗವಿದೆ. ಆ ಒಂದು ಸಾಲು ಯಾರೋ ಗುಮಾಸ್ತ ಬರೆದಿರಬಹುದು. ಅದರ ಹಿಂದೆ ರೇಷ್ಮೆ ನಿಲುವಂಗಿಯ ಸನ್ಯಾಸಿ, ಪೇಟದ ದಿವಾನರು, ತುಂಡುಪಂಚೆಯ ಮುದುಕ, ಹೆಸರಿಲ್ಲದ ಎಷ್ಟೋ ಪ್ರಯಾಣಿಕರು ನಿಂತಿದ್ದಾರೆ. ಗೌಡರ ಕಾಗದದಲ್ಲೂ ಆ ಸಾಲಿತ್ತು. ಬೆರಳಿಟ್ಟು ತೋರಿಸಿದೆ.

ಅಮ್ಮನವರ ವಿಷಯದಲ್ಲಿ ಚರ್ಚೆಯೇ ಇರಲಿಲ್ಲ. ನಮ್ಮ ಗಂಡಸರು ಕೋಟು ತೊಡಲೋ ಬಿಡಲೋ ಎಂದು ನೂರು ವರ್ಷ ತಿಣುಕಿದರೆ, ಹೆಂಗಸರು ಸೀರೆಯಲ್ಲೇ ಹಡಗು ಹತ್ತಿ ಸೀರೆಯಲ್ಲೇ ಇಳಿದರು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1929ರಲ್ಲಿ ಬರ್ಲಿನ್ನಿನ ಮಹಿಳಾ ಸಮ್ಮೇಳನದವರೆಗೆ ಹೋದವರು, ಮುಂದೆ ಇಡೀ ದೇಶದ ಕೈಮಗ್ಗವನ್ನು ಎತ್ತಿ ನಿಲ್ಲಿಸಿದವರು. ನಮ್ಮದೇ ಜಿಲ್ಲೆಯ ಮೊಳಕಾಲ್ಮೂರಿನ ರೇಷ್ಮೆ ಸೀರೆ ಇದ್ದಾಗ ಹಡಗಿನ ಯಾವ ಮೇಜಿಗೂ ಬೇರೆ ಬಟ್ಟೆ ಹುಡುಕಬೇಕಿಲ್ಲ. ಅಮ್ಮನವರಲ್ಲಿ ಮಗನ ಮದುವೆಗೆ ತಂದದ್ದೊಂದು ಇದೆ, ದಡಿಯಲ್ಲಿ ರುದ್ರಾಕ್ಷಿ, ಮೈಯೆಲ್ಲ ಬುಟ್ಟಾ. ಫಾಲ್ ಬಿಚ್ಚಿ ಹೊಸದು ಹಾಕಿಕೊಡುವುದಷ್ಟೇ ನನ್ನ ಕೆಲಸ. ಎರಡನೇ ಫಾರ್ಮಲ್ ರಾತ್ರಿಗೆ ಇನ್ನೊಂದು ಕೊಳ್ಳಬೇಕೆಂದರು. ಗೌಡರು ಸುಮ್ಮನಿದ್ದರು, ಅಂದರೆ ಒಪ್ಪಿದರು.

ಗೌಡರಿಗೆ ಬಾಡಿಗೆಯ ಡಿನ್ನರ್ ಜಾಕೆಟ್ ತರಿಸುವ ಯೋಚನೆ ಮಗನದು. ಹಡಗಿನಲ್ಲೇ ಬಾಡಿಗೆಗೆ ಸಿಗುತ್ತದಂತೆ. ನಾನು ಬೇಡವೆಂದೆ. ಬಾಡಿಗೆ ಕೋಟಿನ ತೋಳು ಯಾವತ್ತೂ ಸರಿಹೊಂದದು, ಮೈ ಒಂದು ಕಡೆ ಕೋಟು ಒಂದು ಕಡೆ ಇದ್ದರೆ ಅನ್ನ ಗಂಟಲಿಗಿಳಿಯದು. ಅಜ್ಜನ ಮಾದರಿಯನ್ನು ಹೊಸ ಕಾಗದದ ಮೇಲೆ ಇಳಿಸಿದೆ. ಕಪ್ಪು ವೂಲನ್ ಬಟ್ಟೆ, ಕ್ಲೋಸ್ ಕಾಲರು, ಐದು ಗುಂಡಿ, ಮಂಡಿಗಿಂತ ನಾಲ್ಕಿಂಚು ಮೇಲೆ. ಅಸ್ತರಿಗೆ ಬೂದುಬಣ್ಣದ ರೇಷ್ಮೆ. ಕೆಳಗೆ ಪಂಚೆಯೋ ಪ್ಯಾಂಟೋ ಎಂಬ ಪ್ರಶ್ನೆಗೆ ಗೌಡರೇ ತೀರ್ಮಾನ ಹೇಳಿದರು: ಒಂದು ರಾತ್ರಿ ಕಚ್ಚೆಪಂಚೆ, ಒಂದು ರಾತ್ರಿ ಪ್ಯಾಂಟು. ಕೂರುವುದು ಕುರ್ಚಿಯ ಮೇಲಾದ್ದರಿಂದ ಅಜ್ಜ ಮುಂಭಾಗಕ್ಕೆ ಕೊಟ್ಟಿದ್ದ ಹೆಚ್ಚಿನ ಸುತ್ತನ್ನು ಅರ್ಧ ಇಳಿಸಿದೆ, ಪೂರ್ತಿ ತೆಗೆಯಲಿಲ್ಲ. ಪೇಟವನ್ನು ಮೈಸೂರಿನಿಂದ ತರಿಸುತ್ತಾರಂತೆ. ಚಪ್ಪಲಿ ನಡೆಯದ್ದರಿಂದ ಶೂ ಬೇಕು. ದಾವಣಗೆರೆಯಲ್ಲಿ ಈಗಲೇ ಕೊಂಡು ತೋಟದಲ್ಲಿ ನಾಲ್ಕು ದಿನ ಮೆಟ್ಟಿ ನಡೆಯಿರಿ, ಹೊಸ ಶೂ ಕಚ್ಚಿದರೆ ಹಡಗಿನ ಮೆಟ್ಟಿಲು ಕಷ್ಟ ಎಂದು ಹೇಳಿದ್ದೇನೆ.

ಅಳತೆ ಮುಗಿಸಿ ಟೇಪು ಕೊರಳಿಗೆ ಹಾಕಿಕೊಳ್ಳುವಾಗ ಗೌಡರು ಒಂದು ಕೇಳಿದರು. ಎಲೆಅಡಿಕೆ ಚೀಲಕ್ಕೆ ಜೇಬು ಬೇಕು, ಊಟವಾದ ಮೇಲೆ ಅದಿಲ್ಲದೆ ಆಗದು. ಡಿನ್ನರ್ ಜಾಕೆಟ್ಟಿನಲ್ಲಿ ಅಂಥದ್ದಕ್ಕೆ ಜಾಗವೇ ಇಲ್ಲ. ಎಡಗಡೆ ಒಳಭಾಗದಲ್ಲಿ, ಎದೆಗಿಂತ ಒಂದು ಗೇಣು ಕೆಳಗೆ, ಐದಿಂಚು ಆಳದ ಜೇಬು ಇಟ್ಟಿದ್ದೇನೆ. ಬಾಯಿಗೆ ಒಂದು ಗುಂಡಿ, ಕಾಜಾ ಕೈಯಲ್ಲೇ ಹಾಕಿದ್ದು. ಚೀಲ ತುಂಬಿದರೂ ಹೊರಗಿನಿಂದ ಉಬ್ಬು ಕಾಣದಂತೆ ಅಲ್ಲಿ ಬುಕ್ರಮ್ಮನ್ನು ಎರಡು ಪದರ ಮಾಡಿದೆ. ಟ್ರಯಲ್ಲಿಗೆ ಬರುವ ಸೋಮವಾರ ಬರುತ್ತಾರೆ.